ಒಬ್ಬ ಮನುಷ್ಯನಿಗೆ ಎರಡು ಸಾವಿನ ದಿನ

ಗುಂಡ್ಲುಪೇಟೆಯ ನಮ್ಮ ಕಚೇರಿಯಲ್ಲಿ ನನ್ನ ಮೇಜಿಗೆ ಮೂರು ಡ್ರಾಯರುಗಳಿದ್ದವು. ಮೇಲಿನದರಲ್ಲಿ ಸೀಲು, ಶಾಯಿ ಪ್ಯಾಡು, ಗುಂಡುಸೂಜಿ. ಕೆಳಗಿನದರಲ್ಲಿ ನನ್ನ ಊಟದ ಡಬ್ಬಿ. ನಡುವಿನದರಲ್ಲಿ ನೌಕರರ ಸರ್ಕಾರಿ ಜೀವವಿಮೆಯ ಅರ್ಜಿಗಳು. ಆ ನಡುವಿನ ಡ್ರಾಯರಿನಿಂದಾಗಿ ಒಬ್ಬ ಹೆಂಗಸು ಜೈಲಿಗೆ ಹೋದಳು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಯಾಕೆ ಬರೆಯುತ್ತಿದ್ದೇನೆ ಎಂಬುದು ಕೊನೆಯಲ್ಲಿ ತಿಳಿಯುತ್ತದೆ.

ಅದು ತೊಂಬತ್ತರ ದಶಕದ ನಡುಭಾಗ. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ದೊಡ್ಡ ಕಚೇರಿಗಳೆಲ್ಲ ಮೈಸೂರಿನಲ್ಲಿದ್ದವು. ನಮ್ಮದು ರೇಷ್ಮೆ ಬೆಳೆಗಾರರ ಕೆಲಸ ನೋಡುವ ಸಣ್ಣ ಕಚೇರಿ. ಸಾಹೇಬರಿಗೆ ಎರಡು ತಾಲ್ಲೂಕಿನ ಹೊಣೆ. ವಾರಕ್ಕೊಮ್ಮೆ ಬಂದು, ನಾನು ಬೆರಳಿಟ್ಟ ಕಡೆ ಸಹಿ ಹಾಕಿ ಹೋಗುತ್ತಿದ್ದರು. ಸಂಬಳದ ಬಿಲ್ಲು, ರಜೆ, ವಿಮೆ ಮೂರೂ ನನ್ನ ಕೈಯಲ್ಲಿದ್ದವು.

ಹೊಸದಾಗಿ ಕೆಲಸ ಕಾಯಂ ಆದವರು ವಿಮೆ ಮಾಡಿಸಲೇಬೇಕಿತ್ತು. ನೌಕರ ಅರ್ಜಿ ಕೊಡಬೇಕು, ನಾನು ಅದನ್ನು ಮೈಸೂರಿಗೆ ಕಳಿಸಬೇಕು, ಸಂಬಳದ ಬಿಲ್ಲಿನಲ್ಲಿ ಮೊದಲ ಕಂತು ಹಿಡಿಯಬೇಕು. ಕಂತು ಹಿಡಿದ ತಿಂಗಳಿಂದ ಪಾಲಿಸಿ ಜಾರಿ. ಅದಕ್ಕೆ ಮುಂಚೆ ಸತ್ತರೆ ಮನೆಯವರಿಗೆ ಏನೂ ಇಲ್ಲ. ಇಷ್ಟು ಸರಳವಾದ ಕೆಲಸವನ್ನು ನಾನು ನನ್ನದೇ ಒಂದು ರೀತಿಯಲ್ಲಿ ಮಾಡುತ್ತಿದ್ದೆ. ಒಂದೊಂದೇ ಅರ್ಜಿಗೆ ಪತ್ರ ಬರೆದು, ನಮೂದು ಮಾಡಿ, ಅಂಚೆಗೆ ಹಾಕುವುದು ಬೇಸರದ ಕೆಲಸ. ಐದಾರು ಸೇರಲಿ, ಒಟ್ಟಿಗೆ ಕಳಿಸೋಣ ಎಂದು ಡ್ರಾಯರಿಗೆ ಹಾಕಿಡುತ್ತಿದ್ದೆ. ನನಗಿಂತ ಮುಂಚಿನ ಗುಮಾಸ್ತರೂ ಹಾಗೇ ಮಾಡುತ್ತಿದ್ದರು. ಅದು ತಪ್ಪೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಭೀಮನಬೀಡಿನಿಂದ ಮುಂದಿನ ಒಂದು ಹಳ್ಳಿಯವನು ನಮ್ಮಲ್ಲಿ ಕ್ಷೇತ್ರ ಸಹಾಯಕನಾಗಿದ್ದ. ಹುಳು ಸಾಕುವ ಮನೆಗಳಿಗೆ ಸೈಕಲ್ಲಿನಲ್ಲಿ ಹೋಗಿ ಸೊಪ್ಪು, ರೋಗ ನೋಡಿ ಬರುವ ಕೆಲಸ. ಕೆಲಸ ಕಾಯಂ ಆಗಿ ಕೆಲವು ತಿಂಗಳಾಗಿತ್ತು. ಮದುವೆಯಾಗಿ ಒಂದು ಹೆಣ್ಣುಮಗು. ಜೂನ್ ತಿಂಗಳಲ್ಲಿ ಆತ ವಿಮೆಯ ಅರ್ಜಿ ತುಂಬಿಕೊಂಡು ಬಂದ. ಜೊತೆಗೆ ಬಿಳಿ ಹಾಳೆಯಲ್ಲಿ ತಾನೇ ಬರೆದ ಒಂದು ಪತ್ರ. ಅಕ್ಷರ ದುಂಡಗೆ, ಮೇಷ್ಟ್ರು ಬರೆದ ಹಾಗಿತ್ತು. ಅರ್ಜಿಯಲ್ಲಿ ಸಹಿಯ ಪಕ್ಕ ದಿನಾಂಕ ಹಾಕುವುದನ್ನು ಮರೆತಿದ್ದ, ಪತ್ರದ ತಲೆಯಲ್ಲಿ ಮಾತ್ರ ಹಾಕಿದ್ದ.

“ಬೇಗ ಕಳ್ಸಿ ಸಾ,” ಅಂದ.

“ಯಾಕಪ್ಪ, ಸಾಯೋಕೆ ಅರ್ಜೆಂಟಾ?” ಅಂದೆ.

ಇಬ್ಬರೂ ನಕ್ಕೆವು. ಅರ್ಜಿ ಡ್ರಾಯರಿಗೆ ಹೋಯಿತು.

ಆಗಸ್ಟಿನಲ್ಲಿ ಆತನಿಗೆ ಕಾಮಾಲೆ. ಮೊದಲು ನಾಟಿ ಔಷಧಿ, ಆಮೇಲೆ ಆಸ್ಪತ್ರೆ. ರಜೆ ಚೀಟಿ ಬಂತು, ಮಂಜೂರು ಮಾಡಿಸಿದೆ. ಸೆಪ್ಟೆಂಬರಿನಲ್ಲಿ, ಗೌರಿ ಹಬ್ಬ ಕಳೆದ ವಾರಕ್ಕೆ, ಮನೆಯಲ್ಲೇ ತೀರಿಕೊಂಡ. ನಮಗೆ ತಿಳಿಯಲಿಲ್ಲ. ಹದಿನೈದು ದಿನದ ಮೇಲೆ ಆತನ ಹೆಂಡತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕಚೇರಿಗೆ ಬಂದಾಗಲೇ ಗೊತ್ತಾದದ್ದು. ಸಾಹೇಬರು ಇರಲಿಲ್ಲ. ಬೇರೆಯವರೆಲ್ಲ ಟೀಗೆ ಹೋಗಿದ್ದರು.

“ಇನ್ಸೂರೆನ್ಸ್ ಮಾಡ್ಸಿದೀನಿ, ಭಯ ಬೀಳ್ಬ್ಯಾಡ ಅಂತ ಹೇಳ್ತಿದ್ರು ಸಾ,” ಅಂದಳು. “ಯಾರ್ ತಾವ ಕೇಳ್ಬೇಕು?”

ನಾನು ಡ್ರಾಯರು ಎಳೆದು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಜೂನಿನಿಂದ ಅಲ್ಲಿ ನಾಲ್ಕು ಅರ್ಜಿಗಳಿದ್ದವು. ಆತನದು ಎಲ್ಲಕ್ಕಿಂತ ಕೆಳಗಿತ್ತು.

ಆ ಕ್ಷಣ ನಿಜ ಹೇಳಿದ್ದರೆ ನನಗೆ ಒಂದು ನೋಟಿಸು ಬರುತ್ತಿತ್ತು, ಬಹಳವೆಂದರೆ ಅಮಾನತು. ಆಕೆಗೆ ವಿಮೆ ಹೋದರೂ ಅನುಕಂಪದ ಮೇಲೆ ಗಂಡನ ಕಚೇರಿಯಲ್ಲೇ ಒಂದು ಕೆಲಸ ಸಿಗುತ್ತಿತ್ತು. ಇದನ್ನೆಲ್ಲ ಈಗ ಎಣಿಸಿ ಹೇಳುತ್ತಿದ್ದೇನೆ. ಆಗ ನನ್ನ ಬಾಯಿಂದ ಬಂದದ್ದು ಬೇರೆ.

“ತೀರ್ಕೊಂಡ್ರು ಅಂತ ಇಲ್ಲಿ ಯಾರಿಗೂ ಹೇಳ್ಬೇಡಿಯಮ್ಮ. ಒಂದೆರಡು ತಿಂಗಳು ತಡ್ಕೊಳ್ಳಿ. ನಾನು ಮಾಡ್ಸಿಕೊಡ್ತೀನಿ.”

ಆಕೆ ಕೈಮುಗಿದಳು. ಹಾಗೆ ಕೈಮುಗಿದದ್ದೇ ನನಗೆ ಧೈರ್ಯ ಕೊಟ್ಟಿತು. ತಪ್ಪು ಮುಚ್ಚುತ್ತಿದ್ದೇನೆ ಅನ್ನಿಸಲಿಲ್ಲ, ಉಪಕಾರ ಮಾಡುತ್ತಿದ್ದೇನೆ ಅನ್ನಿಸಿತು.

ಮಾಡಿದ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ. ಆತ ಬರೆದ ಜೂನ್ ತಿಂಗಳ ಪತ್ರವನ್ನು ಅರ್ಜಿಯಿಂದ ಬಿಡಿಸಿ ತೆಗೆದೆ. ಅದಿದ್ದರೆ ನನ್ನ ವಿಳಂಬ ಕಾಣುತ್ತಿತ್ತು. ಸೆಪ್ಟೆಂಬರ್ ಕೊನೆಯ ದಿನಾಂಕ ಹಾಕಿ ಹೊಸ ಪತ್ರ ಟೈಪು ಮಾಡಿ, ಅರ್ಜಿಯನ್ನು ಮೈಸೂರಿಗೆ ಕಳಿಸಿದೆ. ಅಕ್ಟೋಬರಿನ ಬಿಲ್ಲಿನಲ್ಲಿ ಆತನ ರಜೆ ಸಂಬಳ ಹಾಕಿ ಮೊದಲ ಕಂತು ಹಿಡಿದೆ. ರಜೆ ಮುಂದುವರಿಸಿ ಎಂಬ ಅರ್ಜಿ ಬೇಕಿತ್ತು, ಸಂಬಳವನ್ನು ಹೆಂಡತಿಯ ಕೈಗೆ ಕೊಡಿ ಎಂಬ ಚೀಟಿ ಬೇಕಿತ್ತು. ಎರಡನ್ನೂ ನಾನು ಬರೆಯಲಿಲ್ಲ. ಆಕೆ ಏಳನೇ ಕ್ಲಾಸು ಓದಿದ್ದಳು. ಮುಂದೆ ಕೂರಿಸಿಕೊಂಡು ಹೇಳಿ ಬರೆಸಿದೆ.

“ಕೆಳಗೆ ನಿಮ್ಮ ಯಜಮಾನರ ಹೆಸರು ಬರೀರಿ.”

“ಅವ್ರು ಇಲ್ವಲ್ಲ ಸಾ.”

“ಕಾಗದದ ಮೇಲೆ ಇದ್ದಾರಮ್ಮ. ಬರೀರಿ.”

ಬರೆದಳು. ನನ್ನ ಕೈಬರಹ ಎಲ್ಲೂ ಬೀಳಬಾರದು ಎಂಬ ಎಚ್ಚರ ನನಗೆ ಆಗಲೇ ಇತ್ತು. ಉಪಕಾರ ಮಾಡುವವನಿಗೆ ಅಂಥ ಎಚ್ಚರ ಯಾಕೆ ಬೇಕು ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.

ಉಳಿದದ್ದು ಸಾವಿನ ದಿನ. ಹಳ್ಳಿಗಳಲ್ಲಿ ಹುಟ್ಟು ಸಾವು ಬರೆಯುವವರು ಗ್ರಾಮ ಲೆಕ್ಕಿಗರು. ಆ ಹಳ್ಳಿಯ ಗ್ರಾಮ ಲೆಕ್ಕಿಗ ತೆರಕಣಾಂಬಿಯಲ್ಲಿ ನನ್ನ ಜೊತೆ ಓದಿದ ಗೆಳೆಯ. ಜನ ಸಾವನ್ನು ತಡವಾಗಿ ಬಂದು ಹೇಳುತ್ತಾರೆಂದು ಆತ ಪ್ರತಿ ತಿಂಗಳ ಕೊನೆಗೆ ರಿಜಿಸ್ಟರಿನಲ್ಲಿ ಎರಡು ಮೂರು ಸಾಲು ಖಾಲಿ ಬಿಡುತ್ತಿದ್ದ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೂತು ವಿಷಯ ಹೇಳಿದೆ.

“ಅದ್ಯಾವ್ ದೊಡ್ ಕೆಲ್ಸ ಬುಡ್ಲಾ,” ಅಂದ. “ತಡವಾಗಿ ಸಾಯೋರ್ಗೆ ಅಂತ್ಲೇ ನಾನು ಸೀಟು ಮಡಗಿರ್ತೀನಿ.”

“ತೊಂದ್ರೆ ಆದ್ರೆ?”

“ಯಾರ್ ಬಂದ್ ಕೇಳಾರ್ಲಾ? ಪೋಲೀಸ್ನೋರೆಲ್ಲ ಕಾಡ್ಗಳ್ಳನ್ ಹುಡ್ಕಕ್ಕೆ ಕಾಡ್ ಕಡೆ ಓಗವ್ರೆ. ದೋಸೆ ತಿನ್ನು.”

ದೀಪಾವಳಿ ಕಳೆದ ಮೇಲಿನ ಒಂದು ತಾರೀಖು ನವೆಂಬರಿನ ಖಾಲಿ ಸಾಲಿಗೆ ಬಿತ್ತು. ಗೌರಿ ಹಬ್ಬದ ಹೊತ್ತಿಗೆ ಸತ್ತವನು ದೀಪಾವಳಿ ಆದ ಮೇಲೆ ಇನ್ನೊಂದು ಸಲ ಸತ್ತ.

ಕ್ಲೇಮಿನ ಫಾರಂ ಬಂತು. ಎರಡು ಪುಟ, ಕಾಲಂಗಳನ್ನೆಲ್ಲ ಆಕೆಯ ಕೈಯಲ್ಲೇ ತುಂಬಿಸಿದೆ. ಎರಡನೇ ಪುಟದ ತಳದಲ್ಲಿ ಸಣ್ಣಕ್ಷರದ ಒಂದು ಪ್ಯಾರಾ ಇತ್ತು. ಮೇಲೆ ಕೊಟ್ಟ ವಿವರಗಳು ಸತ್ಯ, ಸುಳ್ಳು ಎಂದು ಕಂಡುಬಂದರೆ ಹಣ ಮುಟ್ಟುಗೋಲಾಗುವುದಲ್ಲದೆ ಕ್ರಿಮಿನಲ್ ಮೊಕದ್ದಮೆಗೂ ಜೈಲು ಶಿಕ್ಷೆಗೂ ಗುರಿಯಾಗುತ್ತೇನೆ ಎಂಬುದನ್ನು ಓದಿ ತಿಳಿದು ಸಹಿ ಮಾಡಿದ್ದೇನೆ ಎಂಬ ಅರ್ಥದ ಮಾತು. ಸಹಿಯ ಜಾಗ ಅದರ ಕೆಳಗೆ. ಆಕೆ ಪೆನ್ನು ಹಿಡಿದು ಬಗ್ಗಿದಾಗ ನಾನು ಫಾರಂ ಜರುಗದ ಹಾಗೆ ಹಿಡಿಯುವವನಂತೆ ಆ ಪ್ಯಾರಾದ ಮೇಲೆ ಅಂಗೈ ಇಟ್ಟೆ.

“ಇಲ್ಲೇನೋ ಬರ್ದದಲ್ಲ ಸಾ?”

“ಅದು ನಮ್ಮ ಕಚೇರಿಗೆ ಸಂಬಂಧಪಟ್ಟದ್ದು. ನೀವು ಇಲ್ಲಿ ಸಹಿ ಮಾಡಿ.”

ನನ್ನ ಬೆರಳುಗಳ ಕೆಳಗೆ ಆಕೆ ಸಹಿ ಮಾಡಿದಳು. ಶಾಯಿ ಒಣಗುವವರೆಗೂ ನಾನು ಕೈ ತೆಗೆಯಲಿಲ್ಲ.

ಪಾಲಿಸಿ ಶುರುವಾದ ಕೂಡಲೇ ಸಾವಾದರೆ ತನಿಖೆ ಆಗುತ್ತದೆಂದು ನನಗೆ ಗೊತ್ತಿತ್ತು. ಆದ್ದರಿಂದ ಎಲ್ಲ ಸಿದ್ಧ ಮಾಡಿದ್ದೆ. ಆಕೆಗೆ ಹೇಳಿಕೊಟ್ಟಿದ್ದೆ, ಅಕ್ಕಪಕ್ಕದ ಇಬ್ಬರಿಗೆ ಲೆಕ್ಕಿಗ ಹೇಳಿದ್ದ. ತಿಂಗಳುಗಳು ಕಳೆದವು. ಮಳೆಗಾಲ ಬಂತು. ಪ್ರತಿದಿನ ಟಪಾಲು ಬರುವ ಹೊತ್ತಿಗೆ ನನಗೆ ನೀರಡಿಕೆಯಾಗುತ್ತಿತ್ತು. ಮತ್ತೆ ಸೆಪ್ಟೆಂಬರ್ ಬಂದಾಗ ಮೈಸೂರಿನ ವಿಮೆ ಕಚೇರಿಯಿಂದ ತನಿಖೆಯವರು ಬಂದರು. ಐವತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ದಾರಿ ತೋರಿಸಲು ನಾನೇ ಜೊತೆಗೆ ಹೊರಟೆ, ಕಣ್ಣಮುಂದೆ ಇರಲಿ ಎಂದು.

ಹಳ್ಳಿಯಲ್ಲಿ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದರು. ಮಾರ್ನಮಿ ಹತ್ತಿರವಿತ್ತು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಾಗೆನ್ನುತ್ತಾರೆ. ಅವತ್ತು ಸತ್ತವರಿಗೆ ಹೊಸಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆ ಬಡಿಸಿ ಎಡೆ ಮಾಡುತ್ತಾರೆ. ತನಿಖೆಯವರು ಅಕ್ಕಪಕ್ಕದವರನ್ನು ಕೇಳಿದರು, ಬರೆದುಕೊಂಡರು. ಆಕೆಯನ್ನು ಕೇಳಿದರು. ನವೆಂಬರಿನ ತಾರೀಖನ್ನು ಆಕೆ ತಡವರಿಸದೆ ಹೇಳಿದಳು. ಎಲ್ಲ ಮುಗಿಯಿತು ಅಂದುಕೊಂಡೆ. ಪೆನ್ನು ಜೇಬಿಗೆ ಸಿಕ್ಕಿಸಿ, ಕುಡಿಯಲು ನೀರು ಕೇಳಿ ಅವರು ಜಗಲಿಯ ಮೇಲೆ ಕೂತರು. ನೀರು ತಂದವಳು ಸತ್ತವನ ತಾಯಿ.

ಆ ಮುದುಕಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಆಕೆಯ ಹೆಸರು ಯಾವ ಫಾರಂನಲ್ಲೂ ಇರಲಿಲ್ಲ. ಫಾರಂನಲ್ಲಿ ಇಲ್ಲದವರು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

“ಹಬ್ಬ ಜೋರಾ ಅಜ್ಜಿ?” ಅಂದರು ತನಿಖೆಯವರು.

“ಏನ್ ಜೋರಪ್ಪ. ಮಗ ಓದ್ಮ್ಯಾಕೆ ಎಂಥ ಜೋರು. ಓದ್ ಮಾರ್ನಮೀಲಿ ಅವನ್ಗೆ ಹೊಸ ಎಡೆ ಇಕ್ಕಿದ್ದೋ. ಇದು ಎಲ್ಡ್ನೇದು.”

ಬಾಗಿಲಲ್ಲಿ ನಿಂತಿದ್ದ ಸೊಸೆ ನನ್ನ ಮುಖ ನೋಡಿದಳು.

“ಏನೇನ್ ಇಟ್ಟಿದ್ರಿ ಎಡೆಗೆ?”

“ಬಿಳೀ ಪಂಚೆ, ಸಲ್ಟು. ಕೋಳಿ ಸಾರು. ಒಂದ್ ಕಟ್ಟು ಬೀಡಿ. ನನ್ಗೆ ಗೊತ್ತಾಗ್ದಂಗೆ ಸೇದ್ತಿದ್ದ. ಗೊತ್ತಿಲ್ಲ ಅನ್ಕಂಡಿದ್ದ.”

ತನಿಖೆಯವರು ನಕ್ಕರು. “ಅಷ್ಟೊತ್ತಿಗೆ ತಿಥಿ ಎಲ್ಲ ಆಗಿತ್ತಾ?”

“ತಿಥಿ ಆಗ್ದೆ ಎಡೆ ಇಕ್ಕಾರಾ ಯಾರಾದ್ರೂವೆ? ಯಾವೂರಪ್ಪ ನಿಂದು?”

“ಮಂಡ್ಯ ಕಡೆ ಕಣಜ್ಜಿ. ನಮ್ಮಲ್ಲೂ ಹಂಗೇಯ.”

ಲೋಟ ಕೆಳಗಿಟ್ಟು, ಪೆನ್ನು ಮತ್ತೆ ಹೊರಗೆ ತೆಗೆದರು. ಬಸ್ಸಿಗೆ ನಡೆಯುತ್ತಾ, ಹುಣಸೆಮರದ ಹತ್ತಿರ ಬಂದಾಗ ಹೇಳಿದರು, “ಮಾರ್ನಮಿ ಆದ ತಿಂಗಳಿಗಲ್ವೇ ದೀಪಾವಳಿ? ನಿಮ್ಮ ದಾಖಲೆಯಲ್ಲಿ ಆ ಮನುಷ್ಯ ತನ್ನ ಎಡೆ ತಾನೇ ಊಟ ಮಾಡಿ, ದೀಪಾವಳಿನೂ ಮುಗಿಸಿ ಸತ್ತಿದ್ದಾನೆ.”

“ನಮಗೆ ಬಂದ ಕಾಗದ ನಾವು ಕಳಿಸಿದ್ದೀವಿ ಸರ್,” ಅಂದೆ. ನನ್ನನ್ನು ಉಳಿಸಿಕೊಳ್ಳಲು ನಾನು ಹೇಳಿದ ಮೊದಲ ಮಾತು ಅದು. ಹೇಳಿದ ಮೇಲೆ ಅದೇ ದಾರಿಯಾಯಿತು.

ಮೊಕದ್ದಮೆ ದಾಖಲಾಯಿತು. ಮೋಸಕ್ಕೆ ಯತ್ನ, ಸುಳ್ಳು ದಾಖಲೆ ಸೃಷ್ಟಿ, ಸುಳ್ಳೆಂದು ಗೊತ್ತಿದ್ದೂ ಅದನ್ನು ಬಳಸಿದ್ದು. ಮೊದಲ ಆರೋಪಿ ಆಕೆ, ಎರಡನೆಯವನು ಗ್ರಾಮ ಲೆಕ್ಕಿಗ. ರಜೆ ಅರ್ಜಿ, ಚೀಟಿ, ಕ್ಲೇಮು ಎಲ್ಲದರ ಮೇಲೂ ಆಕೆಯ ಕೈಬರಹ. ಆಕೆ ಪೋಲೀಸರಿಗೆ ನನ್ನ ಹೆಸರು ಹೇಳಿದ್ದಳು. ಆದರೆ ಕಾಗದದಲ್ಲಿ ಎಲ್ಲೂ ನಾನಿರಲಿಲ್ಲ. ನಾನು ಸರ್ಕಾರದ ಪರ ಸಾಕ್ಷಿಯಾದೆ. ಲೆಕ್ಕಿಗ ಜಾಮೀನಿನ ಮೇಲೆ ಹೊರಗೆ ಬಂದವನು ಒಂದು ಮಧ್ಯಾಹ್ನ ತೆರಕಣಾಂಬಿಯ ನಮ್ಮ ಮನೆಗೆ ಬಂದ.

“ನಾನೂ ಸುಮ್ಕಿರ್ತೀನಿ, ನೀನೂ ಸುಮ್ಕಿರು,” ಅಂದ. “ಆದ್ರೆ ಆ ಹೆಣ್ಮಗ ಏನ್ಲಾ ಮಾಡಿತ್ತು?”

ಎರಡು ತಿಂಗಳಿಗೆ ಎದೆನೋವು ಬಂದು ಸತ್ತ. ಆತನ ಸಾವಿನ ದಿನವನ್ನು ರಿಜಿಸ್ಟರಿನಲ್ಲಿ ಸರಿಯಾಗಿ ಬರೆದರು. ಕಟಕಟೆಯಲ್ಲಿ ಆಕೆಯೊಬ್ಬಳೇ ಉಳಿದಳು. ನಿಜ ಬಲ್ಲವರಲ್ಲಿ ಆಕೆಯನ್ನು ಬಿಟ್ಟರೆ ಉಳಿದವನು ನಾನು.

ಆತ ಬರೆದ ಜೂನ್ ತಿಂಗಳ ಪತ್ರವನ್ನು ನಾನು ಹರಿದಿರಲಿಲ್ಲ. ಟ್ರಂಕಿನಲ್ಲಿ ನನ್ನ ಮಾರ್ಕ್ಸ್ ಕಾರ್ಡಿನ ಕೆಳಗಿತ್ತು. ಹಂಡೆ ಒಲೆಗೆ ಹಾಕಲು ಎರಡು ಸಲ ತೆಗೆದಿದ್ದೆ, ಎರಡು ಸಲವೂ ಆ ದುಂಡಕ್ಷರ ನೋಡಿ ವಾಪಸ್ಸು ಇಟ್ಟಿದ್ದೆ. ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಅದನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ಹಾಕಿಕೊಂಡೆ. ಇದನ್ನು ಕೊಟ್ಟುಬಿಡುತ್ತೇನೆ, ಗಂಡ ಸಮಯಕ್ಕೆ ಸರಿಯಾಗಿ ಅರ್ಜಿ ಕೊಟ್ಟಿದ್ದ, ತಡ ಮಾಡಿದವನು ನಾನು, ಬರೆಸಿದವನೂ ನಾನು ಎನ್ನುತ್ತೇನೆ ಎಂದು ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡೆ. ಸುಳ್ಳು ಹೇಳುತ್ತಿಲ್ಲ, ಅವತ್ತು ಬೆಳಿಗ್ಗೆ ಆ ಮನಸ್ಸು ನಿಜವಾಗಿತ್ತು.

ಕೋರ್ಟಿನ ವರಾಂಡದಲ್ಲಿ ಬೇರೆ ಯಾವುದೋ ಕೇಸಿನವನೊಬ್ಬ ಬೇಡಿ ಹಾಕಿಸಿಕೊಂಡು ಕೂತು ಟೀ ಕುಡಿಯುತ್ತಿದ್ದ. ಲೋಟ ಬಾಯಿಗೆ ಎತ್ತಿದಾಗಲೆಲ್ಲ ಸರಪಳಿ ಹಿಡಿದ ಪೇದೆಯ ಕೈಯೂ ಮೇಲೆ ಹೋಗುತ್ತಿತ್ತು. ನನ್ನನ್ನು ಕೂಗುವವರೆಗೂ ನಾನು ಅದನ್ನೇ ನೋಡುತ್ತಿದ್ದೆ.

ಆಕೆಯ ಪರ ವಕೀಲರು ಚಿಕ್ಕ ವಯಸ್ಸಿನವರು, ಕೋರ್ಟೇ ಕೊಟ್ಟವರು. ಆದರೂ ಕೇಳಬೇಕಾದ್ದನ್ನೇ ಕೇಳಿದರು.

“ಮೃತರು ವಿಮೆ ಅರ್ಜಿಯನ್ನು ನಿಮಗೆ ಯಾವಾಗ ಕೊಟ್ಟರು?”

“ಸೆಪ್ಟೆಂಬರ್ ಕೊನೆಯಲ್ಲಿ ಅವರ ಮನೆಯವರು ತಂದುಕೊಟ್ಟರು.”

“ಜೂನ್ ತಿಂಗಳಲ್ಲೇ ಪತ್ರದ ಜೊತೆ ಕೊಟ್ಟೆ ಎಂದು ಅವರು ಹೆಂಡತಿಗೆ ಹೇಳಿದ್ದರು ಎಂದರೆ?”

“ಅಂಥ ಪತ್ರ ನನಗೆ ಬಂದಿಲ್ಲ.”

“ಕ್ಲೇಮಿನ ಕೊನೆಯ ಪ್ಯಾರಾ ಆಕೆಗೆ ಕಾಣದ ಹಾಗೆ ನೀವು ಕೈ ಅಡ್ಡ ಇಟ್ಟಿರಿ.”

“ಇಲ್ಲ. ಓದಿ ಹೇಳಿದ್ದೇನೆ.”

ಕಟಕಟೆಯಿಂದ ಆಕೆ “ಸಾ” ಅಂದಳು. ಅಷ್ಟೇ. ಸುಮ್ಮನಿರಬೇಕೆಂದು ಪೇದೆ ಸನ್ನೆ ಮಾಡಿದ. ನ್ಯಾಯಾಧೀಶರು ನನ್ನ ಕಡೆ ನೋಡಿ, ನನ್ನ ಮಾತನ್ನು ಹೇಳಿ ಟೈಪು ಮಾಡಿಸಿದರು. ಟೈಪಿನ ಸದ್ದು ನಿಂತ ಮೇಲೆ ನಾನು ಸಹಿ ಹಾಕಿದೆ.

ಒಂದು ವರ್ಷ ಸಜೆ, ಮೇಲೆ ದಂಡ. ಶಿಕ್ಷೆಯಾದವಳಿಗೆ ಅನುಕಂಪದ ಕೆಲಸವೂ ಇಲ್ಲ. ತೀರ್ಪಾಗುವ ಹೊತ್ತಿಗೆ ಚಾಮರಾಜನಗರ ಜಿಲ್ಲೆಯಾಗಿತ್ತು, ನನಗೆ ಅಲ್ಲಿಗೆ ವರ್ಗವಾಯಿತು. ಕರ್ತವ್ಯದಲ್ಲಿ ಅಜಾಗರೂಕತೆ ಎಂದು ಒಂದು ವಾರ್ಷಿಕ ವೇತನಬಡ್ತಿ ತಡೆಹಿಡಿದರು. ನನಗಾದ ಶಿಕ್ಷೆ ಅಷ್ಟು. ಹೊಸ ಕಚೇರಿಯಲ್ಲಿ ಬಂದ ಅರ್ಜಿಯನ್ನು ಅವತ್ತೇ ಕಳಿಸುತ್ತಿದ್ದೆ. ಬಹಳ ಚುರುಕು ಎಂದು ಹೆಸರು ಬಂತು. ಆ ಹೆಸರನ್ನು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ.

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಈ ಮಾರ್ನಮಿಗೆ ಸೊಸೆ ಎಡೆಗೆ ಏನೇನು ಬೇಕು ಮಾವ ಎಂದು ಕೇಳಿದಾಗ ನನಗೆ ಆ ಮುದುಕಿ ಹೇಳಿದ ಬೀಡಿ ಕಟ್ಟು ನೆನಪಾಯಿತು. ಹಬ್ಬ ಆದ ಮಾರನೇ ದಿನ ಟ್ರಂಕು ತೆಗೆದು, ಆ ಪತ್ರ ಹಿಡಿದು ಬಸ್ಸು ಹತ್ತಿದೆ.

ಆಕೆ ಅದೇ ಹಳ್ಳಿಯಲ್ಲಿ, ಬೇರೆಯವರ ಹುಳುಮನೆಯಲ್ಲಿ ಕೂಲಿಗೆ ಸೊಪ್ಪು ಹಾಕುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ನನ್ನ ಗುರುತು ಹಿಡಿಯಲು ಆಕೆಗೆ ಹೊತ್ತು ಬೇಕಾಗಲಿಲ್ಲ. ಕೂರಿ ಅನ್ನಲಿಲ್ಲ. ತಟ್ಟೆಗೆ ಸೊಪ್ಪು ಹರಡುತ್ತಲೇ ಇದ್ದಳು. ನಾನು ಆಕೆಯ ಅತ್ತೆಯನ್ನು ವಿಚಾರಿಸಿದೆ.

“ತೀರೋದ್ರು. ಆ ಕೇಸಾದ್ಮೇಲೆ ಸಾಯೋಗಂಟ ಮಗನ್ಗೆ ಎಡೆ ಇಕ್ಲಿಲ್ಲ. ನನ್ ಬಾಯೇ ಸೊಸೇನ ಜೈಲ್ಗಾಕ್ತು ಅನ್ನೋರು.”

“ಅವರ ಬಾಯಲ್ಲಮ್ಮ,” ಅಂದು ಪತ್ರ ಕೊಟ್ಟೆ.

ಕೈ ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ಮಡಿಕೆಯ ಗೆರೆಗಳಲ್ಲಿ ಹಾಳೆ ಹರಿಯುವ ಹಾಗಿತ್ತು. ಬಾಗಿಲ ಬೆಳಕಿಗೆ ಹಿಡಿದು ನಿಧಾನವಾಗಿ, ತುಟಿ ಅಲುಗಿಸುತ್ತಾ ಓದಿದಳು.

“ಅವ್ರ್ದೇ ಅಕ್ಷರ,” ಅಂದಳು. ಆಮೇಲೆ, “ಜೂನ್ ತಿಂಗ್ಳು.”

“ಹೂಂ. ಆಗಲೇ ಕೊಟ್ಟಿದ್ರು. ನಾನು ಕಳಿಸಲಿಲ್ಲ.”

“ವಕೀಲ್ರು ಇದ್ನೇ ಅಲ್ವ ಕೇಳಿದ್ದು. ಅವತ್ತು ಇದು ಎಲ್ಲಿತ್ತು?”

“ನನ್ನ ಹತ್ರನೇ ಇತ್ತು.”

“ಹತ್ರ ಅಂದ್ರೆ? ಮನೇಲಾ?”

“ಇಲ್ಲ. ಜೇಬಲ್ಲಿ.”

ಆಕೆ ಮೊದಲ ಸಲ ತಲೆಯೆತ್ತಿ ನನ್ನನ್ನು ಸರಿಯಾಗಿ ನೋಡಿದಳು. ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು.

“ಯಾವ್ ಜೇಬಲ್ಲಿ?”

ನಾನು ಕೈಯೆತ್ತಿ ಎದೆಯ ಎಡಭಾಗದ ಮೇಲೆ ಇಟ್ಟೆ. ಆಕೆ ಆ ಕೈಯನ್ನೇ ನೋಡುತ್ತಿದ್ದಳು. ಪ್ಯಾರಾದ ಮೇಲೆ ಇಟ್ಟ ಕೈ ಅದೇ ಎಂದು ನನಗೂ ಆಗ ಹೊಳೆಯಿತು, ಕೆಳಗಿಳಿಸಿದೆ.

ಕ್ಷಮಿಸಿ ಎಂದು ಕೇಳಲು ಹೋದವನು ಕೇಳದೆ ಹೊರಟೆ. ಬಾಗಿಲು ದಾಟುವಾಗ ಹಿಂದಿನಿಂದ ಕರೆದಳು.

“ನನ್ ಮಗ್ಳು ಚಾಮರಾಜನಗರದಲ್ಲಿ ನರ್ಸಾಗವ್ಳೆ. ನಮ್ಮವ್ವ ಕಳ್ಳಿ ಅನ್ಕಂಡೇ ಬೆಳೆದ್ಲು. ಅವಳ್ಗೆ ಬರ್ದು ಕೊಡಿ. ನಿಮ್ ಕೈಯಲ್ಲೇ ಬರೀರಿ. ಕೊನೇ ಸಾಲು ಬುಡ್ಬ್ಯಾಡಿ.”

ಅದಕ್ಕಾಗಿ ಇಷ್ಟೂ ನನ್ನ ಕೈಬರಹದಲ್ಲೇ ಇದೆ, ಮಗಳೇ. ಕೊನೆಯ ಸಾಲು ಇದು: ಆ ಕ್ಲೇಮಿನಲ್ಲಿದ್ದ ಸುಳ್ಳು ನನ್ನದು, ಅದರ ಶಿಕ್ಷೆಯನ್ನು ನಿನ್ನ ಅವ್ವ ಅನುಭವಿಸಿದಳು.